ಎದೆಯ ಸದ್ದು ನಿಂತ ಬೇಸಿಗೆ

ನನ್ನ ಎದೆಯಿಂದ ಒಂದು ಸದ್ದು ಬರುತ್ತದೆ. ಸಂತೆಯಲ್ಲೋ ಬಸ್ಸಿನಲ್ಲೋ ಸಿಕ್ಕರೆ ನಿಮಗೆ ಗೊತ್ತಾಗುವುದಿಲ್ಲ. ನಮ್ಮ ಮನೆಗೆ ಬಂದು ನನ್ನ ಪಕ್ಕ ಕುಳಿತಾಗ ಕರೆಂಟು ಹೋಗಿ ಫ್ಯಾನು ನಿಂತರೆ ಕೇಳಿಸುತ್ತದೆ. ಟಕ್, ಟಕ್, ಟಕ್. ಬಂದವರು ಮೊದಲು ಗೋಡೆಯ ಗಡಿಯಾರ ನೋಡುತ್ತಾರೆ, ಆಮೇಲೆ ನನ್ನ ಕೈ ನೋಡುತ್ತಾರೆ, ಕೊನೆಗೆ ನನ್ನ ಮುಖ ನೋಡುತ್ತಾರೆ. "ನಂದೇರಿ ಅದು, ನೀವು ಚಾ ಕುಡೀರಿ" ಅನ್ನುತ್ತೇನೆ. ಆಮೇಲೆ ಅವರಿಗೆ ಚಾ ಇಳಿಯುವುದಿಲ್ಲ.

ಎದೆಯೊಳಗೆ ಲೋಹದ ಕವಾಟ ಇಟ್ಟುಕೊಂಡು ಓಡಾಡುವವರು ನಮ್ಮ ಕಡೆ ಎಷ್ಟೋ ಮಂದಿ ಇದ್ದಾರೆ ಎಂದು ಆಸ್ಪತ್ರೆಯ ಬೆಂಚು ಸವೆಸಿದ ಮೇಲೆ ನನಗೆ ತಿಳಿಯಿತು. ಇದನ್ನು ಬರೆಯುತ್ತಿರುವುದು ಅವರಿಗಾಗಿ. ಕಾಯಿಲೆ ಏನು, ಆಪರೇಷನ್ ಹೇಗೆ ಎಂಬುದನ್ನೆಲ್ಲ ಡಾಕ್ಟರು ಹೇಳಿಯೇ ಇರುತ್ತಾರೆ. ಆ ಸದ್ದಿನ ಜೊತೆ ಮನೆಯೊಳಗೆ ಸಂಸಾರ ಮಾಡುವುದು ಹೇಗೆ ಎಂದು ಯಾರೂ ಹೇಳುವುದಿಲ್ಲ. ಅದು ನಿಂತರೆ ಏನರ್ಥ ಎಂದಂತೂ ನನಗೆ ಯಾರೂ ಹೇಳಿರಲಿಲ್ಲ.

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ನಾನು ಚೆಕಿಂಗ್ ಮಾಡುತ್ತೇನೆ. ಹೊಲಿದು ಬಂದ ಪ್ಯಾಂಟುಗಳನ್ನು ಒಳಗೆ ಹೊರಗೆ ತಿರುವಿ, ಹೊಲಿಗೆ ಬಿಟ್ಟಿದ್ದರೆ ವಾಪಸು ಎಸೆಯುವುದು ನನ್ನ ಕೆಲಸ. ತಪ್ಪು ಹುಡುಕುವುದೇ ಕೆಲಸವಾದ ಹೆಂಗಸು ಮನೆಯಲ್ಲಿ ಹೇಗಿರುತ್ತಾಳೆ ಎಂದು ನನ್ನ ಗಂಡ ವೀರೇಶನನ್ನು ಕೇಳಬೇಕು. ನಮ್ಮ ಚೆಕಿಂಗ್ ವಿಭಾಗ ಇರುವುದು ಮಹಡಿಯ ಮೇಲೆ. ಒಂದು ವರ್ಷ ಆ ಮೆಟ್ಟಿಲುಗಳು ಇದ್ದಕ್ಕಿದ್ದಂತೆ ಜಾಸ್ತಿಯಾದವು ಅನ್ನಿಸತೊಡಗಿತು. ನಡುವೆ ನಿಂತು, ಸೆರಗು ಸರಿ ಮಾಡಿಕೊಳ್ಳುವ ನೆಪದಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದೆ. ಆಮೇಲೆ ಮಲಗಿದರೂ ಉಸಿರು ಸಾಲದಾಯಿತು.

ಸಣ್ಣವಳಿದ್ದಾಗ ಕೀಲು ಊದಿ ಜ್ವರ ಬಂದಿತ್ತಂತೆ, ನನಗೆ ಅದರ ನೆನಪೂ ಇಲ್ಲ. ಆ ಜ್ವರ ಹೋಗುವಾಗ ಎದೆಯ ಬಾಗಿಲೊಂದನ್ನು ಕೆಡಿಸಿ ಹೋಗಿತ್ತು. ಬಳ್ಳಾರಿಯ ಹೃದಯದ ಡಾಕ್ಟರು ಎದೆಗೆ ಎಕೋ ಸ್ಕ್ಯಾನ್ ಮಾಡಿ, "ಬಾಗಲು ಪೂರ್ತಿ ತೆಗಿಯವಲ್ದಮ್ಮ, ಬದಲಿ ಮಾಡ್ಸಬೇಕು" ಎಂದರು. ವೀರೇಶನದು ಬೀಜ ಗೊಬ್ಬರದ ಅಂಗಡಿ. ಅವರಿಗೆ ಎಲ್ಲವೂ ರಿಪೇರಿಯ ಮಾತೇ. "ಬಾಗಲು ತಾನೇ, ಹೊಸಾದು ಹಾಕ್ಸಿದ್ರಾತು ಬಿಡು" ಎಂದವರು ಹೊರಗೆ ಬಂದು ಸ್ಕೂಟರಿಗೆ ಕೀಲಿ ಹಾಕಲು ಆಗದೆ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಮನೆಗೆ ಬಂದು ಹೇಳಿದಾಗ ಅತ್ತೆ ಗೌರಮ್ಮನವರು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದರು. ದೇವರ ಕೋಣೆಗೆ ಹೋದವರು ಊಟಕ್ಕೂ ಹೊರಗೆ ಬರಲಿಲ್ಲ.

ಆಪರೇಷನ್ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಾಯಿತು. ಎಚ್ಚರವಾದಾಗ ಮೊದಲು ಗೊತ್ತಾದದ್ದು ನೋವಲ್ಲ. ಯಾರೋ ತಲೆಯ ಹತ್ತಿರ ಕುಳಿತು ಉಗುರಿನಿಂದ ಮೇಜು ಕುಟ್ಟುತ್ತಿದ್ದಾರೆ ಅನ್ನಿಸಿತು. ನಿಲ್ಲಿಸಿ ಅನ್ನೋಣವೆಂದರೆ ಬಾಯಿಯಲ್ಲಿ ನಳಿಗೆ. ಕಣ್ಣು ಹೊರಳಿಸಿ ನೋಡಿದೆ, ಯಾರೂ ಇರಲಿಲ್ಲ. ಸದ್ದು ನನ್ನೊಳಗಿಂದಲೇ ಬರುತ್ತಿದೆ ಎಂದು ಗೊತ್ತಾದಾಗ ಮೈ ಜುಮ್ಮೆಂದಿತು. ಮೈ ಜುಮ್ಮೆಂದ ಕೂಡಲೇ ಅದೂ ಓಡತೊಡಗಿತು, ನಾನು ಹೆದರಿದ್ದು ಅದಕ್ಕೆ ತಿಳಿದ ಹಾಗೆ. ಡಿಸ್ಚಾರ್ಜ್ ಆಗುವಾಗ ಒಬ್ಬ ನರ್ಸು ಬೆನ್ನು ಸವರಿ, "ರೂಢಿ ಆಗತ್ತೆ ಅಕ್ಕ. ಸ್ವಲ್ಪ ದಿನ ಹೋದ್ರೆ ಕೇಳ್ಸೋದೇ ಇಲ್ಲ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಆ ಮಾತನ್ನು ನಾವು ಮೂವರೂ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಊರಿಗೆ ಬಂದೆವು.

ನಮ್ಮ ಮನೆ ಸತ್ಯನಾರಾಯಣಪೇಟೆಯಲ್ಲಿ. ಹಳೆಯ ಮನೆ, ದಪ್ಪ ಗೋಡೆ. ಬಳ್ಳಾರಿಯ ಬೇಸಿಗೆಯ ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಓಡಾಡುವುದಿಲ್ಲ, ಕಿಟಕಿ ಬಾಗಿಲು ಎಲ್ಲ ಹಾಕಿ ಜನ ಒಳಗೆ ಬಿದ್ದಿರುತ್ತಾರೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಮಬ್ಬು. ಯೂನಿಟ್ಟಿನ ಮಷಿನ್ನುಗಳ ಗದ್ದಲದಲ್ಲಿ ನನ್ನ ಸದ್ದು ನನಗೂ ಕೇಳಿಸುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಅದು ಗೋಡೆಯಿಂದ ಗೋಡೆಗೆ ನಡೆಯುತ್ತಿತ್ತು. ಪಕ್ಕದ ಮನೆಯ ಸರೋಜಮ್ಮ ಮಗಳ ಸಂಬಂಧದ ಸುದ್ದಿ ಹೇಳಲು ಬಂದವಳು, ಮಾತಿನ ನಡುವೆ ನನ್ನ ಎದೆ ಟಕ್ಕೆಂದಾಗ, "ನೋಡ್ರಿ, ಹಲ್ಲಿ ನುಡೀತು, ಖರೆ ಆಗ್ತೈತಿ" ಎಂದು ನೆಲ ಮುಟ್ಟಿ ನಮಸ್ಕಾರ ಮಾಡಿದಳು. ಹಲ್ಲಿ ನಿಲ್ಲದೆ ನುಡಿಯುತ್ತಲೇ ಇದ್ದಾಗ ಅವಳ ಮುಖ ನೋಡಬೇಕಿತ್ತು.

ಅತ್ತೆಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಅವರು ಬೆಳಿಗ್ಗೆ ಲಿಂಗಪೂಜೆಗೆ ಕುಳಿತರೆ ಮನೆಯಲ್ಲಿ ಕುಕ್ಕರ್ ಕೂಗುವಂತಿಲ್ಲ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಅದರಲ್ಲೇ ದೃಷ್ಟಿ ನೆಟ್ಟು, ಮನಸ್ಸಿನಲ್ಲೇ ಜಪ ಮಾಡುತ್ತಾರೆ. ನಾನು ಅಡಿಗೆ ಮನೆಯಲ್ಲಿ ಎಷ್ಟು ಮೆಲ್ಲಗೆ ಕೆಲಸ ಮಾಡಿದರೂ ನನ್ನ ಎದೆಯನ್ನು ಮೆಲ್ಲಗೆ ಮಾಡಲಾಗುತ್ತಿರಲಿಲ್ಲ. ಒಂದು ದಿನ ಅವರು ಪೂಜೆ ಅರ್ಧಕ್ಕೇ ನಿಲ್ಲಿಸಿ ಎದ್ದು ಬಂದರು.

"ಮಂಗಳಾ, ನನ್ನ ಜಪ ನಿನ್ನ ಎದಿ ಹಿಂದ ಓಡಾಕತ್ತೈತಿ. ನಾ ಶಿವಾ ಅನ್ನೂದರಾಗ ಅದು ಮುಂದ ಹೋಗಿರ್ತೈತಿ."

"ನಾ ಏನ್ ಮಾಡ್ಲಿರಿ ಅತ್ತೀ? ಸ್ವಿಚ್ ಇಟ್ಟಿಲ್ಲ ಅದಕ್ಕ."

"ನಿನ್ನ ಬೈಯಾಕತ್ತಿಲ್ಲವಾ" ಎಂದು ಅಲ್ಲೇ ನೆಲದ ಮೇಲೆ ಕುಳಿತರು. "ಕೇಳಿಸ್ತಿದ್ರ, ಈಗ ನಿಂತೀತು ಈಗ ನಿಂತೀತು ಅಂತ ಕಾಯ್ತಾ ಕುಂದರ್ತೀನಿ. ಮೊದ್ಲ ನಿನ್ನ ಎದಿ ಬಡೀತೈತಿ ಅನ್ನೂದು ನನಗೆಲ್ಲಿ ಗೊತ್ತಿತ್ತು?"

ನನಗೂ ಹಾಗೇ ಆಗುತ್ತಿತ್ತು. ಎಲ್ಲರ ಎದೆಯೂ ಬಡಿಯುತ್ತದೆ, ಆದರೆ ಯಾರೂ ಅದಕ್ಕೆ ಕಾವಲು ಕೂರುವುದಿಲ್ಲ. ನಾನು ಕೂತಿದ್ದೆ. ಒಂದು ಟಕ್ಕಿಗೂ ಇನ್ನೊಂದಕ್ಕೂ ನಡುವೆ ಇರುವ ಆ ಚೂರು ಜಾಗದಲ್ಲಿ ಯಾರೋ ನಿಂತು ನನ್ನನ್ನು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ವೀರೇಶ ನಡುಮನೆಯಲ್ಲಿ ಕೂಲರ್ ಹಚ್ಚಿಕೊಂಡು ಮಲಗತೊಡಗಿದರು. ಸೆಕೆ ಎಂದು ಅವರು ಹೇಳಿದರು, ಹೌದು ಸೆಕೆ ಎಂದು ನಾನೂ ಹೇಳಿದೆ. ಧಾರವಾಡದ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದ ಮಗಳು ಪಲ್ಲವಿ ಒಬ್ಬಳಿಗೇ ಆ ಸದ್ದೆಂದರೆ ಪ್ರೀತಿ. ಫೋನ್ ಮಾಡಿದಾಗಲೆಲ್ಲ, "ಅಮ್ಮಾ, ಎದಿಗೆ ಹಿಡಿ" ಅನ್ನುವಳು. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಹ್ಞಾಂ, ಸರಿ ಐತಿ, ಇಡ್ತೀನಿ" ಎಂದು ಫೋನ್ ಇಡುವಳು.

ಸಿರುಗುಪ್ಪದಲ್ಲಿರುವ ನಾದಿನಿ ಶಾಂತಾ ಆ ಬೇಸಿಗೆಯ ಶುರುವಿಗೆ ನಮ್ಮಲ್ಲಿಗೆ ಬಂದಳು. ಬಂದವಳು ಮನೆಯ ತುಂಬ ಓಡಾಡಿದಳು. ಹಿಂದೆಲ್ಲ ಮೊಣಕಾಲು ಹಿಡಿದು ಕುಂಟುತ್ತಾ ಬರುತ್ತಿದ್ದವಳು ಮೆಟ್ಟಿಲನ್ನು ಸರಸರ ಹತ್ತಿದಳು.

"ಚೀನಾ ಡಾಕ್ಟರು, ಅತ್ತಿಗಿ. ಸೂಜಿ ಚುಚ್ತಾರ, ಬೇರಿನ ಪುಡಿ ಕೊಡ್ತಾರ. ಒಂದ್ ಸಲ ಬರ್ರಿ. ನಿಮ್ಮ ಈ ಸುಸ್ತು, ಈ ಸಪ್ಪಳ ಎಲ್ಲಾ ಕಡಿಮಿ ಆಗ್ತೈತಿ."

"ಸಪ್ಪಳ ಕಬ್ಬಿಣದ್ದು ಶಾಂತಾ, ಅದಕ್ಕೇನ್ ಸೂಜಿ ಚುಚ್ತಾರ?" ಎಂದೆ. ಆದರೆ ಹೋಗುವ ಆಸೆ ಆಗಲೇ ಹುಟ್ಟಿತ್ತು. ಆಪರೇಷನ್ ಆಗಿ ವರ್ಷ ಹತ್ತಿರ ಬಂದರೂ ಮೈಯಲ್ಲಿ ಕಸುವಿರಲಿಲ್ಲ. ರಕ್ತ ತೆಳುವಾಗಲೆಂದು ದಿನಾ ಮಾತ್ರೆ, ಅದು ಹೆಚ್ಚುಕಡಿಮೆ ಆಗಿಲ್ಲ ತಾನೇ ಎಂದು ನೋಡಲು ಮತ್ತೆ ಮತ್ತೆ ರಕ್ತ ಪರೀಕ್ಷೆ, ಇಷ್ಟಪಟ್ಟು ತಿನ್ನುತ್ತಿದ್ದ ಪುಂಡಿಪಲ್ಯಕ್ಕೂ ಅಳತೆ. ಯಾರಾದರೂ ಬೇರೆ ದಾರಿ ತೋರಿಸಿದರೆ ಕಣ್ಣು ಮುಚ್ಚಿ ಹೋಗುವ ಮನಸ್ಸು ಇಂಥ ದಿನಗಳಲ್ಲೇ ಬರುತ್ತದೆ.

ವೀರೇಶ, ಅತ್ತೆ, ನಾನು ಮೂವರೂ ಸಿರುಗುಪ್ಪಕ್ಕೆ ಹೋದೆವು. ಚೀನಾ ಡಾಕ್ಟರು ಚೀನಾದವರಲ್ಲ, ಆ ಕಡೆಯವರೇ. ಹರೆಯದಲ್ಲಿ ಮಲೇಷ್ಯಾಕ್ಕೆ ದುಡಿಯಲು ಹೋಗಿ, ಅಲ್ಲಿ ಒಬ್ಬ ಚೀನೀ ವೈದ್ಯರ ಅಂಗಡಿಯಲ್ಲಿ ಬಹಳ ವರ್ಷ ಇದ್ದು ಕಲಿತು ಬಂದವರು. ಅಕ್ಕಿ ಗಿರಣಿಯ ಮಗ್ಗುಲಲ್ಲಿ ಅವರ ಕೋಣೆ. ಗಿರಣಿಯ ಗುಂಯ್ ಸದ್ದು ಗೋಡೆ ದಾಟಿ ಬರುತ್ತಿತ್ತು, ಹೊಟ್ಟಿನ ಧೂಳು ಎಲ್ಲದರ ಮೇಲೂ ತೆಳ್ಳಗೆ ಕೂತಿತ್ತು. ಒಳಗೆ ಸಾಲು ಬೆಂಚಿನ ಮೇಲೆ ಸೂಜಿ ಚುಚ್ಚಿಸಿಕೊಂಡ ಜನ ಕಣ್ಣು ಮುಚ್ಚಿ ಕುಳಿತಿದ್ದರು. ಹಣೆಯಲ್ಲಿ, ಕಿವಿಯಲ್ಲಿ, ಮೊಣಕೈಯಲ್ಲಿ ಸೂಜಿಗಳು. ಕಪಾಟಿನಲ್ಲಿ ಗಾಜಿನ ಭರಣಿಗಳು. ಒಂದು ಭರಣಿಯಲ್ಲಿ ಒಂದೇ ಬೇರಿತ್ತು. ಅದಕ್ಕೆ ಎರಡು ಕೈ, ಎರಡು ಕಾಲು, ತಲೆಯ ಹಾಗಿನ ಒಂದು ಗಂಟು ಇದ್ದವು. ಗೋಡೆಗೆ ಒರಗಿ ನಿಂತ ಸಣ್ಣ ಮನುಷ್ಯನ ಹಾಗೆ ಅದು ಗಾಜಿಗೆ ಆತುಕೊಂಡಿತ್ತು.

ಡಾಕ್ಟರು ಮೃದು ಮಾತಿನವರು. ನಾಲಿಗೆ ನೋಡಿದರು, ಆಮೇಲೆ ನನ್ನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ತಲೆ ಬಗ್ಗಿಸಿದರು. ಆಗಲೇ ಗಿರಣಿ ನಿಂತಿತು. ಊಟದ ಹೊತ್ತಾಗಿತ್ತೇನೋ. ಇದ್ದಕ್ಕಿದ್ದಂತೆ ಕೋಣೆಯಲ್ಲಿ ನನ್ನದೊಂದೇ ಸದ್ದು ಉಳಿಯಿತು. ಬೆಂಚಿನ ಮೇಲಿದ್ದವರೆಲ್ಲ ಕಣ್ಣು ತೆರೆದು, ಹಣೆಯ ಸೂಜಿಗಳ ಸಮೇತ, ಮೆಲ್ಲಗೆ ನನ್ನ ಕಡೆ ತಿರುಗಿದರು. ಅಲ್ಲಿಂದ ಎದ್ದು ಓಡಿಬಿಡಬೇಕು ಅನ್ನಿಸಿತು, ಆದರೆ ಅವರ ಬೆರಳುಗಳು ನನ್ನ ಕೈ ಮೇಲಿದ್ದವು.

"ಇದು ನಿಮ್ಮ ನಾಡಿ ಅಲ್ಲಮ್ಮ" ಎಂದರು ಡಾಕ್ಟರು. "ಇದರ ಹಿಂದ ನಿಮ್ಮ ನಾಡಿ ಅಡಗಿ ಕುಂತೈತಿ, ಹೆದರಿಕೊಂಡು. ಅದನ್ನ ಹೊರಗ ಕರೀಬೇಕು."

"ಕರೀರಿ, ನಿಮಗ ಪುಣ್ಯ ಬರ್ತೈತಿ" ಎಂದರು ಅತ್ತೆ.

ಅವರು ಆ ಬೇರಿನ ಜಾತಿಯದೇ ಪುಡಿಯನ್ನು ಪೊಟ್ಟಣ ಕಟ್ಟಿ ಕೊಟ್ಟರು. ಸೂಜಿ ನನಗೆ ಚುಚ್ಚಲಿಲ್ಲ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತೇನೆ ಎಂದು ಕೇಳಿ ಅಷ್ಟು ಎಚ್ಚರ ವಹಿಸಿದರು. "ನಿಮ್ಮ ಇಂಗ್ಲಿಷ್ ಗುಳಿಗಿ ಬಿಡಬ್ಯಾಡ್ರಿ. ಅದರ ಪಾಡಿಗೆ ಅದು, ಇದರ ಪಾಡಿಗೆ ಇದು" ಎಂದರು. ಹೊಟ್ಟೆಯೊಳಗೆ ಎಲ್ಲವೂ ತಮ್ಮ ತಮ್ಮ ಪಾಡಿಗೆ ಇರುತ್ತವೆ ಎಂದು ನಾವೂ ನಂಬಿದೆವು. ಈ ಪುಡಿಯ ವಿಷಯ ಬಳ್ಳಾರಿಯ ಡಾಕ್ಟರಿಗೆ ಹೇಳಬೇಕು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ವಾಪಸು ಬರುವಾಗ ಕುರುಗೋಡಿನ ಮೇಲೆ ಹಾದು ಹೋಗಲೇಬೇಕು ಎಂದು ಅತ್ತೆ ಹಟ ಹಿಡಿದರು. ಅವರ ತವರು ಕೊಳಗಲ್ಲು. ತವರಿನ ಹೆಂಗಸರು ಕಷ್ಟ ಬಂದಾಗ ಕುರುಗೋಡಿನ ಬಸವಣ್ಣನ ಕಿವಿಯಲ್ಲಿ ಹೇಳಿಕೊಳ್ಳುತ್ತಾರೆ. ಅಲ್ಲಿಯ ದೊಡ್ಡ ಬಸವಣ್ಣನ ಕಿವಿ ನಮ್ಮಂಥವರಿಗೆ ಎಲ್ಲಿ ಎಟುಕಬೇಕು? ಅವರು ಹೋಗುವುದು ಗುಡ್ಡದ ಬುಡದ ಒಂದು ಹಳೆಯ, ಪೂಜಾರಿಯೂ ಇಲ್ಲದ ಗುಡಿಗೆ. ಅಲ್ಲೊಂದು ಆಳೆತ್ತರವೂ ಇಲ್ಲದ ಬಸವಣ್ಣ ಇದ್ದಾನೆ. ಒಂದು ಕಿವಿಯನ್ನು ಕೈಯಿಂದ ಮುಚ್ಚಿ ಇನ್ನೊಂದರಲ್ಲಿ ಹೇಳಬೇಕು, ಹೇಳಿದ್ದು ಆಚೆ ಸೋರಿ ಹೋಗಬಾರದು. ಹೇಳಿದ ಮೇಲೆ ಅದನ್ನು ಯಾವ ಮನುಷ್ಯರ ಮುಂದೆಯೂ ಆಡಬಾರದು, ಆಡಿದರೆ ಫಲವಿಲ್ಲ. ಇಷ್ಟೇ ನಿಯಮ.

ಸುತ್ತ ಬಂಡೆಗಲ್ಲುಗಳು ಬಿಸಿಲಿಗೆ ಕಾದು ಉಸಿರು ಬಿಡುತ್ತಿದ್ದವು. ಗುಡಿಯೊಳಗೆ ತಣ್ಣಗೆ, ಬಾವಲಿಗಳ ನಾತ. ಹೇಳಿ ಹೇಳಿ ಜನರ ತುಟಿ ತಾಗಿ ಆ ಕಲ್ಲಿನ ಕಿವಿ ಮಾತ್ರ ಕರ್ರಗೆ ನುಣುಪಾಗಿತ್ತು. ಅತ್ತೆ ಬಗ್ಗಿ ಬಹಳ ಹೊತ್ತು ಏನೋ ಹೇಳಿದರು. ಆಮೇಲೆ ನನಗೆ, "ನೀನೂ ಕೇಳ್ಕೋ" ಎಂದು ಆಚೆ ಹೋದರು. ನಾನು ಬಗ್ಗಿದೆ. ಆ ಕಿವಿಯ ಹತ್ತಿರ ಹೋದಾಗ ನನ್ನ ಟಕ್ ಟಕ್ ಕಲ್ಲಿಗೆ ಬಡಿದು ವಾಪಸು ಬಂತು, ಒಳಗಿನಿಂದ ಬೇರೊಂದು ಎದೆ ಉತ್ತರ ಕೊಟ್ಟ ಹಾಗೆ. ಕಣ್ಣು ಮುಚ್ಚಿ ನನ್ನ ಮಾತು ಹೇಳಿ ಹೊರಗೆ ಬಂದೆ. ದಾರಿಯಲ್ಲಿ ಯಾರು ಏನು ಕೇಳಿಕೊಂಡಿರಿ ಎಂದು ವೀರೇಶ ಕೇಳಲಿಲ್ಲ. ಕೇಳಬಾರದೆಂದು ಅವರಿಗೂ ಗೊತ್ತು.

ಪುಡಿ ಕಹಿಯಾಗಿತ್ತು, ಮಣ್ಣಿನ ವಾಸನೆ. ಬಿಸಿನೀರಿನಲ್ಲಿ ಕಲಸಿ ಕುಡಿದೆ. ಹದಿನೈದು ದಿನಕ್ಕೆ ಮೈ ಹಗುರಾಯಿತು, ಊಟ ರುಚಿಸಿತು. ಯೂನಿಟ್ಟಿನಲ್ಲಿ ಮೊದಲಿನ ಹಾಗೆ ಪ್ಯಾಂಟು ವಾಪಸು ಎಸೆಯತೊಡಗಿದೆ, ಹೊಲಿಯುವವರು ಬೈದುಕೊಂಡರು. ರಕ್ತ ಪರೀಕ್ಷೆಯ ದಿನ ಬಂದಾಗ, ಚೆನ್ನಾಗಿದ್ದೇನಲ್ಲ, ಮುಂದಿನ ವಾರ ಹೋದರಾಯಿತು ಅಂದುಕೊಂಡೆ. ಆ ಮುಂದಿನ ವಾರ ಮುಂದಕ್ಕೇ ಹೋಗುತ್ತಾ ಇತ್ತು.

ಅದೇ ದಿನಗಳಲ್ಲಿ ಸದ್ದು ಸಣ್ಣದಾಗತೊಡಗಿತು. ಮೊದಲು ನಾನು ನಂಬಲಿಲ್ಲ. ಟಕ್ ಎನ್ನುತ್ತಿದ್ದದ್ದು ಬಟ್ಟೆಯಲ್ಲಿ ಸುತ್ತಿ ಕುಟ್ಟಿದ ಹಾಗೆ ಮೆತ್ತಗಾಯಿತು. ಆಮೇಲೆ ಕಿವಿಗೊಟ್ಟರೆ ಮಾತ್ರ ಕೇಳುವಂತಾಯಿತು. ಒಂದು ಬೆಳಿಗ್ಗೆ ಅತ್ತೆ ಲಿಂಗಪೂಜೆ ಪೂರ್ತಿ ಮುಗಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಅಡಿಗೆ ಮನೆಗೆ ಬಂದು ನನ್ನ ಗಲ್ಲ ಹಿಡಿದರು. "ಕೇಳಸ್ಲಿಲ್ಲವಾ. ಇವತ್ತು ಒಂದೂ ಕೇಳಸ್ಲಿಲ್ಲ." ಆವತ್ತು ಹೋಳಿಗೆಯಾಯಿತು. ಶಾಂತಾ ಫೋನಿನಲ್ಲಿ, "ನಾ ಹೇಳಿದ್ದಿಲ್ಲಾ?" ಎಂದಳು. ನರ್ಸು ಹೇಳಿದ್ದು ಖರೆಯಾಯಿತು ಎಂದರು ವೀರೇಶ. ಕೂಲರನ್ನು ನಡುಮನೆಯಲ್ಲೇ ಬಿಟ್ಟು ಅವರು ಕೋಣೆಗೆ ವಾಪಸು ಬಂದರು.

ಮನೆಯವರೆಲ್ಲ ಸಂತೋಷದಲ್ಲಿದ್ದರು. ನನಗೂ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಆದರೆ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ಸುತ್ತಿ ಸುತ್ತಿ ನಿಂತಿತು. ನಾನು ಒಬ್ಬಳೇ ಮಲಗಿದ್ದೆ. ರೂಢಿಯಂತೆ ಕಿವಿ ತಾನಾಗಿಯೇ ಕಾಯಿತು. ಏನೂ ಬರಲಿಲ್ಲ. ಆ ಮಬ್ಬಿನಲ್ಲಿ, ಮನೆಯಿಂದ ಯಾರೋ ಎದ್ದು ಹೋಗಿದ್ದಾರೆ, ಹೋದವಳು ನಾನೇ, ಇಲ್ಲಿ ಮಲಗಿರುವುದು ಬೇರೆ ಯಾರೋ ಅನ್ನಿಸಿ ಎದೆ ಧಸಕ್ಕೆಂದಿತು. ಧಸಕ್ಕೆಂದದ್ದೂ ಕೇಳಿಸಲಿಲ್ಲ. ಎದ್ದು ಕನ್ನಡಿಯಲ್ಲಿ ಮುಖ ನೋಡಿಕೊಂಡು ಬಂದೆ.

ಅತ್ತೆಗೂ ಏನೋ ಆಗಿತ್ತು. ಮೊದಲು ನಾನು ಮನೆಯಲ್ಲಿ ಎಲ್ಲಿದ್ದೇನೆ ಎಂದು ಅವರಿಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಈಗ ಹುಡುಕಿಕೊಂಡು ಬರುತ್ತಿದ್ದರು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರೆ ಬಾಗಿಲಲ್ಲಿ ಬಂದು ನಿಲ್ಲುವರು.

"ಇಲ್ಲೇ ಅದೀಯಾ?"

"ಇಲ್ಲೇ ಅದೀನ್ರಿ ಅತ್ತೀ."

ಒಳಗೆ ಹೋದವರು ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಅದನ್ನೇ ಕೇಳುವರು. ನಾನು ಎದುರಿಗೇ ಇದ್ದಾಗಲೂ ಒಮ್ಮೆ ಕೇಳಿದರು. ನನ್ನನ್ನು ನೋಡುತ್ತಾ, ನನ್ನ ಹಿಂದೆ ಯಾರನ್ನೋ ನೋಡುವ ಹಾಗಿತ್ತು ಅವರ ಕಣ್ಣು. ವಯಸ್ಸಾಯಿತು, ಮರೆವು ಎಂದು ಸುಮ್ಮನಾದೆ.

ಪಲ್ಲವಿಗೆ ಪರೀಕ್ಷೆ ನಡೆದಿತ್ತು, ಬಹಳ ದಿನ ಸರಿಯಾಗಿ ಮಾತಾಡಿರಲಿಲ್ಲ. ಮುಗಿದ ದಿನ ಫೋನ್ ಮಾಡಿ, "ಅಮ್ಮಾ, ಎದಿಗೆ ಹಿಡಿ" ಎಂದಳು. ನಕ್ಕು ಹಿಡಿದೆ. ಬಹಳ ಹೊತ್ತಾಯಿತು.

"ಹಿಡದೀ ಏನಮ್ಮ?"

"ಹಿಡದೀನಲೇ. ಸಪ್ಪಳ ಹೋಗೇತಿ. ನಿಮ್ಮಜ್ಜಿ ಹೋಳಿಗಿ ಮಾಡಿದ್ರು."

ಫೋನ್ ಕಟ್ಟಾಯಿತು. ಮತ್ತೆ ಬಂತು. ಅವಳು ಅಳುತ್ತಿದ್ದಳು. "ಅದು ಹೆಂಗ್ ಹೋಗ್ತೈತಿ ಅಮ್ಮಾ? ಕಬ್ಬಿಣ ಒಳಗೇ ಐತಲ್ಲ, ಸಪ್ಪಳ ಎಲ್ಲಿಗೆ ಹೋತು? ಡಾಕ್ಟರ ಹತ್ರ ಹೋಗು, ನಾಳೇನ ಹೋಗು." ಹುಚ್ಚಿ, ಸುಮ್ಮನೆ ಹೆದರಬೇಡ ಎಂದು ಗದರಿದೆ. ಮರುದಿನ ಡಾಕ್ಟರ ಹತ್ತಿರ ಹೋಗದೆ ಯೂನಿಟ್ಟಿಗೆ ಹೋದೆ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಾಗುವುದೇ ನನಗೆ ಬೇಡವಾಗಿತ್ತು.

ಮಹಡಿಯ ಮೆಟ್ಟಿಲ ಮೇಲೆ, ಅರ್ಧಕ್ಕೆ, ಉಸಿರು ನಿಂತೇ ಹೋಯಿತು. ಕುಳಿತೆ. ಕೆಮ್ಮಿದರೆ ಸೆರಗಿನ ಮೇಲೆ ಗುಲಾಬಿ ಬಣ್ಣದ ನೊರೆ. ಕೆಳಗೆ ಮಷಿನ್ನುಗಳು ಓಡುತ್ತಿದ್ದವು. ನನ್ನನ್ನು ಯಾರು ಎತ್ತಿದರು, ಆಟೋದಲ್ಲಿ ಯಾರು ಹಿಡಿದುಕೊಂಡಿದ್ದರು ಒಂದೂ ನೆನಪಿಲ್ಲ. ಆಸ್ಪತ್ರೆಯ ಮಂಚದ ಮೇಲೆ, ಆಕ್ಸಿಜನ್ ಹಾಕಿದ ಮೇಲೆ ಕಣ್ಣು ಬಿಟ್ಟಾಗ ನಮ್ಮ ಡಾಕ್ಟರು ಎದೆಯ ಮೇಲೆ ಸ್ಟೆತ್ ಇಟ್ಟಿದ್ದರು. ಅಲ್ಲಿ ಇಟ್ಟರು, ಇಲ್ಲಿ ಇಟ್ಟರು. ಅವರ ಮುಖದ ಬಣ್ಣ ಇಳಿಯಿತು.

"ಸೌಂಡ್ ಯಾವಾಗಿಂದ ಇಲ್ಲ?"

ವೀರೇಶ ಅಷ್ಟು ಗಾಬರಿಯಲ್ಲೂ, "ಭಾಳ ದಿನಾ ಆತ್ರಿ ಸರ್, ಅದು ಔಷಧಿ ಗುಣಕ್ಕ ನಿಂತೈತಿ" ಎಂದು ಹೇಳಿದರು. ಡಾಕ್ಟರು ಅವರ ಮುಖವನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆ ಸೌಂಡ್ ನಿಲ್ಲಬಾರದಿತ್ತು ವೀರೇಶ್. ಅದು ಬಾಗಲು ಬಡಿಯೋ ಸೌಂಡ್. ಬಾಗಲು ಬಡೀತಿಲ್ಲ."

ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ, ಅದರ ಒಂದು ರೆಕ್ಕೆ ಅಲ್ಲಾಡದೆ ಕೂತಿತ್ತು. ಬೇರಿನ ಪುಡಿ ಮಾತ್ರೆಯ ಶಕ್ತಿಯನ್ನು ಕುಗ್ಗಿಸಿತ್ತು, ಪರೀಕ್ಷೆ ಮಾಡಿಸದೆ ಇದ್ದದ್ದರಿಂದ ಅದು ಯಾರಿಗೂ ಗೊತ್ತಾಗಿರಲಿಲ್ಲ. ಹೆಪ್ಪು ಕರಗಿಸುವ ಔಷಧಿಯನ್ನು ಹನಿಹನಿಯಾಗಿ ಬಿಡುತ್ತೇವೆ, ಕರಗಿದರೆ ಸರಿ, ಒಂದು ಚೂರು ಕಿತ್ತು ಮಿದುಳಿಗೆ ಹೋದರೆ ನಮ್ಮ ಕೈಯಲ್ಲಿಲ್ಲ ಎಂದರು. ಇದನ್ನೆಲ್ಲ ಬಾಗಿಲಲ್ಲಿ ನಿಂತು ಅತ್ತೆ ಕೇಳಿಸಿಕೊಂಡರು. ಗೋಡೆ ಹಿಡಿದು ಹಿಡಿದು ಹೊರಗೆ ಹೋದರು. ನಾನು ಅವರನ್ನು ಕೂಗಲು ನೋಡಿದೆ, ಆಗಲಿಲ್ಲ.

ಐ.ಸಿ.ಯು.ದಲ್ಲಿ ಮಲಗಿದವರಿಗೆ ಹಗಲು ರಾತ್ರಿ ಇಲ್ಲ. ಸುತ್ತಲೂ ಯಂತ್ರಗಳು ಪೀಂ ಪೀಂ ಅನ್ನುತ್ತಿದ್ದವು, ಎಲ್ಲರವೂ ಸದ್ದು ಮಾಡುತ್ತಿದ್ದವು, ನನ್ನೊಳಗೊಂದೇ ಮೌನ. ಸಾಯಲು ನನಗೆ ಭಯವಾಗಿತ್ತು. ಆ ಸಿರುಗುಪ್ಪದ ಭರಣಿಯ ಪುಟ್ಟ ಮನುಷ್ಯ ನನ್ನ ಎದೆಯ ಬಾಗಿಲಿಗೆ ಬೆನ್ನು ಕೊಟ್ಟು, ಕೈಕಾಲು ಚಾಚಿ, ಅದು ಮುಚ್ಚದ ಹಾಗೆ ತಡೆದು ನಿಂತಿದ್ದಾನೆ ಎಂದು ಕಣ್ಣು ಮುಚ್ಚಿದರೆ ಕಾಣುತ್ತಿತ್ತು. ಹನಿ ಬೀಳುವುದನ್ನೇ ನೋಡುತ್ತಾ, ಪಲ್ಲವಿ ಬರುವವರೆಗೆ ಇರಲಿ, ಅಷ್ಟು ಇರಲಿ ಎಂದು ಬೇಡುತ್ತಿದ್ದೆ. ನಡುವೆ ಒಬ್ಬ ಸಿಸ್ಟರ್ ಬಂದು ಬಾಯಿಗೆ ಒದ್ದೆ ಹತ್ತಿ ಮುಟ್ಟಿಸಿ, ಸುಮ್ಮನೆ ಸ್ವಲ್ಪ ಹೊತ್ತು ಕೈ ಹಿಡಿದು ನಿಂತಳು. ಅವಳ ಹೆಸರು ಕೇಳಲಿಲ್ಲ. ಆ ಕೈ ಇಂದಿಗೂ ನೆನಪಿದೆ.

ಬೆಳಕು ಹರಿದ ಮೇಲೆ ಕಸ ಗುಡಿಸುವ ಹುಲಿಗೆಮ್ಮ ಬಂದಳು. ಬಗ್ಗಿ ಮಂಚದ ಕೆಳಗೆ ಗುಡಿಸುತ್ತಾ, "ನಿಮ್ಮತ್ತಿ ಹೊರಗ ಒಬ್ಬರನ್ನೂ ಬಿಟ್ಟಿಲ್ಲ ನೋಡ್ರಿ" ಎಂದಳು. "ವಾಚ್‌ಮನ್ನಗ ಹೇಳಿದ್ರು, ಲಿಫ್ಟಿನಾಗ ಬಂದೋರಿಗೆ ಹೇಳಿದ್ರು, ಸಾಯಬರ ಮಂದಿ ಕುಂತಿದ್ರು, ಅವರ ಮುಂದೂ ಹೇಳಿದ್ರು. ತೆಲುಗ್ನೋರು ಒಬ್ಬರು, ಕನ್ನಡ ಬರಂಗಿಲ್ಲ ಅಂದ್ರ, ಅವರಿಗೆ ತೆಲುಗಿನಾಗ ಹೇಳಿದ್ರು. ಕೈ ಹಿಡದು ನಿಂದ್ರಿಸಿ ಹೇಳ್ತಾರ. ನನಗೂ ಹೇಳಿದ್ರು."

"ಏನ್ ಹೇಳಿದ್ರು?"

ಅವಳು ಪೊರಕೆ ನಿಲ್ಲಿಸಿ ನನ್ನನ್ನು ನೋಡಿದಳು. "ಅವರನ್ನ ಕೇಳ್ರೆವ್ವ. ನನ್ನ ಬಾಯಾಗ ಬ್ಯಾಡ" ಎಂದು ಬೇಗ ಬೇಗ ಗುಡಿಸಿ ಹೋದಳು.

ಅವಳು ಹೋಗಿ ಎಷ್ಟು ಹೊತ್ತಾಗಿತ್ತೋ, ಎದೆಯೊಳಗೆ ಏನೋ ಜಾರಿದ ಹಾಗಾಯಿತು. ಆಮೇಲೆ ಒಂದು ಸಣ್ಣ ಸದ್ದು. ಇನ್ನೊಂದು. ಬಹಳ ದೂರದಿಂದ ಯಾರೋ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದಾರೆ, ಬರುತ್ತಾ ಬರುತ್ತಾ ಹತ್ತಿರವಾಗುತ್ತಿದ್ದಾರೆ ಅನ್ನುವ ಹಾಗೆ. ಸಂಜೆಯ ಹೊತ್ತಿಗೆ ಅದು ಮೊದಲಿನ ಟಕ್ ಆಯಿತು. ಡಾಕ್ಟರು ಸ್ಟೆತ್ ಇಡದೆಯೇ ಮಂಚದ ಪಕ್ಕ ನಿಂತು ಕೇಳಿ, ಕಣ್ಣು ಒರೆಸಿಕೊ ಎಂದು ನನಗೆ ಹೇಳಿದರು.

ನಾನು ಉಳಿದದ್ದು ಔಷಧಿಯಿಂದ. ಇದರಲ್ಲಿ ನನಗೆ ಅನುಮಾನವಿಲ್ಲ, ಓದುವವರಿಗೂ ಇರಬಾರದು. ಬೇರೆ ಪುಡಿಯನ್ನೋ ಕಷಾಯವನ್ನೋ ತಗೊಳ್ಳುವ ಮೊದಲು ನಿಮ್ಮ ಡಾಕ್ಟರಿಗೆ ಹೇಳಿ, ಸದ್ದು ಕಡಿಮೆಯಾದರೆ ಹೋಳಿಗೆ ಮಾಡದೆ ಆಸ್ಪತ್ರೆಗೆ ಓಡಿ. ಸಿರುಗುಪ್ಪದ ಡಾಕ್ಟರಿಗೆ ವೀರೇಶ ಫೋನ್ ಮಾಡಿ ವಿಷಯ ಹೇಳಿದಾಗ ಅವರು, "ಅಮ್ಮ ಅದಾರೇನ್ರಿ?" ಎಂದು ಮಾತ್ರ ಕೇಳಿದರಂತೆ. ಈಗ ಅವರು ಎದೆಯ ಮಾತ್ರೆ ನುಂಗುವವರನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಾರೆ ಎಂದು ಶಾಂತಾ ಹೇಳುತ್ತಾಳೆ.

ಸದ್ದು ವಾಪಸು ಬಂದ ಆ ಸಂಜೆಯೇ, ಒಬ್ಬೊಬ್ಬರನ್ನೇ ಒಳಗೆ ಬಿಡುವ ಹೊತ್ತಿನಲ್ಲಿ ಅತ್ತೆ ಬಂದರು. ಹಿಂದಿನ ದಿನದ ಸೀರೆಯಲ್ಲೇ ಇದ್ದರು, ಗಂಟಲು ಒಡೆದು ಹೋಗಿತ್ತು. ಮಂಚದ ಹತ್ತಿರ ಬಂದು ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತರು. ಕೇಳಿಸಿತು. ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು ಕುಳಿತರು.

"ಊರಿಗೆಲ್ಲಾ ಹೇಳೀರಂತ" ಎಂದೆ. "ನನಗಷ್ಟ ಹೇಳಿಲ್ಲ."

"ನಿನಗ ಯಾವ ಬಾಯಿಲೆ ಹೇಳ್ಲಿ ಮಂಗಳಾ?"

"ಹೇಳ್ರಿ. ಒಬ್ಬರಿಗೆ ಹೇಳೂದು ಉಳಿದ್ರೂ ಬಸವಣ್ಣ ಕೊಟ್ಟ ಫಲ ಉಳೀತೈತಿ."

ತಮಾಷೆಗೆ ಅಂದಿದ್ದೆ. ಅವರು ಬೆಚ್ಚಿಬಿದ್ದು ನನ್ನ ಕೈ ಗಟ್ಟಿಯಾಗಿ ಹಿಡಿದರು. "ಅವನ ಕಿವ್ಯಾಗ, ಆಕಿ ಎದಿ ಸುಮ್ಮನಾಗ್ಲಿ ಅಂತ ಕೇಳ್ಕೊಂಡಿದ್ದೆ. ಆಕಿ ಚೆಂದಾಗಿರ್ಲಿ ಅಂತಲ್ಲ, ನೂರು ವರ್ಷ ಬಾಳ್ಲಿ ಅಂತಲ್ಲ. ಸುಮ್ಮನಾಗ್ಲಿ ಅಂತ. ಅವ ಕೊಟ್ಟಬಿಟ್ಟ. ಕೇಳಿದಷ್ಟ ಕೊಟ್ಟಬಿಟ್ಟ. ಅದಕ್ಕ ಎಲ್ಲಾರ ಮುಂದ ಆಡಿ ಹೊಲಸು ಮಾಡೀನಿ, ಅದು ಮುರೀಲಿ ಅಂತ." ಬಿಕ್ಕಿ ಬಿಕ್ಕಿ ಅತ್ತರು. ಅವರು ನನಗಾಗಿ ಅತ್ತದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ನೋಡಿರಲಿಲ್ಲ.

ನನ್ನ ಎದೆ ಟಕ್ ಟಕ್ ಟಕ್ ಎಂದು ಓಡತೊಡಗಿತು.

"ಅತ್ತೀ," ಎಂದೆ, "ನಾನೂ ಅವನ ಕಿವ್ಯಾಗ ಅದನ್ನ ಕೇಳ್ಕೊಂಡಿದ್ದೆ."

ಅವರ ಅಳು ನಿಂತಿತು. ನನ್ನನ್ನೇ ನೋಡಿದರು. ಆಮೇಲೆ ಎದ್ದು, ಆ ಕಡೆ ಹೋಗುತ್ತಿದ್ದ ಸಿಸ್ಟರ್ ಒಬ್ಬಳ ಕೈ ಹಿಡಿದು ಎಳೆದುಕೊಂಡು ಬಂದು ಮಂಚದ ಪಕ್ಕ ನಿಲ್ಲಿಸಿದರು.

"ಹೇಳು" ಎಂದರು. "ಈಕಿಗೆ ಹೇಳು. ಜಲ್ದಿ ಹೇಳು, ಮಂಗಳಾ."

ಹೇಳಿದೆ. ಪಕ್ಕದ ಮಂಚದವರಿಗೆ ಹೇಳಿದೆ. ಆವತ್ತೇ ಧಾರವಾಡದಿಂದ ಬಂದ ಪಲ್ಲವಿಗೆ, ಗಂಡನಿಗೆ, ಹುಲಿಗೆಮ್ಮನಿಗೆ ಹೇಳಿದೆ. ಮನೆಗೆ ಬಂದ ಮೇಲೂ, ಮಾತ್ರೆ ತಪ್ಪಿಸದೆ, ಪರೀಕ್ಷೆ ತಪ್ಪಿಸದೆ, ಸಿಕ್ಕವರಿಗೆಲ್ಲ ಹೇಳುತ್ತಲೇ ಇದ್ದೇನೆ. ಇವತ್ತು ನಿಮಗೆ ಹೇಳಿದೆ. ಇಷ್ಟು ಸಾಕೋ, ಇನ್ನೂ ಎಷ್ಟು ಮಂದಿಗೆ ಹೇಳಬೇಕೋ ನನಗೆ ಗೊತ್ತಿಲ್ಲ.